ನಟನ ಕೀರ್ತಿಗೆ ಆಯುಷ್ಯವೆಷ್ಟು?

ಸಂಗೊಳ್ಳಿಯ ರಾಯಣ್ಣನ ಮುಖವನ್ನು ಚಿತ್ರದಲ್ಲಿಯಾದರೂ ಕಂಡು ಬಲ್ಲವರಿಲ್ಲ. ೧೮೩೧ನೆಯ ಇಸವಿಯ ಜನವರಿ ೨೬ರಂದು ನಂದಗಡದಲ್ಲಿ ಆ ವೀರನನ್ನು ಗಲ್ಲಿಗೇರಿಸಿದಾಗ ಛಾಯಾಚಿತ್ರದ ವಿದ್ಯೆಯು ಲೋಕಕ್ಕೆ ಇನ್ನೂ ಪ್ರಕಟವಾಗಿರಲಿಲ್ಲ. ಆದರೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಯಾವ ಹಳ್ಳಿಗೆ ಹೋಗಿ ಕೇಳಿದರೂ ರಾಯಣ್ಣನು ಹೇಗಿದ್ದನೆಂಬದನ್ನು ಜನರು ಕಣ್ಣಾರೆ ಕಂಡವರಂತೆ ಬಣ್ಣಿಸುವರು. ಈ ರೂಪವನ್ನು ಅವರಿಗೆ ಕೊಟ್ಟವರಾರು? ಮೊದಲು ಲಾವಣಿಕಾರರು ಧ್ವನಿಯನ್ನು ಕೊಟ್ಟರು. ಬಳಿಕ ಊರ ಅಟ್ಟದ ಮೇಲೆಯೂ ಕಂಪನಿಯ ರಂಗದ ಮೇಲೆಯೂ ಬಣ್ಣ ಹಚ್ಚಿ ನಿಂತ ನಟರು ಮುಖವನ್ನು ಕೊಟ್ಟರು. ೨೦೧೨ರಲ್ಲಿ ದರ್ಶನ್ ಅವರು ನಟಿಸಿದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರವು ಒಂದು ಮುಖವನ್ನು ನಾಡಿಗೆಲ್ಲ ಹಂಚಿತು. ಇಂದು ರಾಯಣ್ಣನೆಂದರೆ ಹುಡುಗರ ಕಣ್ಣ ಮುಂದೆ ನಿಲ್ಲುವದು ಈ ಕೊನೆಯ ಮುಖವೇ. ಅದಕ್ಕೆ ಮೊದಲು ಆ ವೇಷ ಕಟ್ಟಿದವರ ಹೆಸರುಗಳನ್ನು ಕೇಳಿದರೆ ಮುದುಕರೂ ತಲೆ ಕೆರೆದುಕೊಳ್ಳುವರು.

ಚಲನಚಿತ್ರದ ಮೇಲಿನ ಅಸೂಯೆಯಿಂದ ನಾವು ಈ ಮಾತನ್ನೆತ್ತಿಲ್ಲ. ಸಂಗೊಳ್ಳಿಯ ಸೀಮೆಯಲ್ಲಿಯೇ ಹುಟ್ಟಿ, ನೂರು ವರ್ಷ ದಾಟಿ ಬಾಳಿ, ತನ್ನ ಆಯುಷ್ಯದ ಬಹುಭಾಗವನ್ನು ರಂಗಕ್ಕೇ ತೆತ್ತ ಒಬ್ಬ ಮಹಾನಟನ ವಿಷಯದಲ್ಲಿ ಇದೇ ಮರೆವು ನಮ್ಮನ್ನು ಕವಿಯುತ್ತಲಿದೆಯೆಂಬ ವ್ಯಥೆಯಿಂದ ಬರೆಯುತ್ತಿದ್ದೇವೆ. ಆತನೇ ನಾಡೋಜ ಏಣಗಿ ಬಾಳಪ್ಪನವರು. ಸವದತ್ತಿ ತಾಲೂಕಿನ ಏಣಗಿಯಲ್ಲಿ ೧೯೧೪ರಲ್ಲಿ ಜನನ. ೨೦೧೭ನೆಯ ಅಗಸ್ಟ್ ೧೮ರಂದು ಅದೇ ಏಣಗಿಯಲ್ಲಿ, ೧೦೩ನೆಯ ವಯಸ್ಸಿನಲ್ಲಿ ಮರಣ. ಊರೂರು ಅಲೆಯುವದೇ ವೃತ್ತಿಯಾಗಿದ್ದವನು ಹುಟ್ಟಿದೂರಿನಲ್ಲಿಯೇ ಕಣ್ಣು ಮುಚ್ಚಿದ್ದು ಅವರ ಪುಣ್ಯವೆನ್ನಬೇಕು. ಎಷ್ಟೋ ನಟರಿಗೆ ಅದೂ ದಕ್ಕಿಲ್ಲ.

ಬಾಳಪ್ಪನವರ ವೃತ್ತಿಜೀವನವನ್ನು ಅರಿಯಬೇಕಾದರೆ ಅವರು ಬೆಳೆದ ನೆಲವನ್ನು ಮೊದಲು ಅರಿಯಬೇಕು. ಬೈಲಹೊಂಗಲದ ಸುತ್ತಲಿನ ಪ್ರದೇಶವು ಸಣ್ಣಾಟದ ತವರು. ‘ಸಂಗ್ಯಾ ಬಾಳ್ಯಾ’ ಎಂಬ ಆಟದ ಕಥೆ ಆ ಊರಿನದೇ. ಅದರ ಲಾವಣಿಯನ್ನು ಆಂಗ್ಲ ಅಧಿಕಾರಿಯಾದ ಫ್ಲೀಟ್ ಸಾಹೇಬರು ಹಿಂದಿನ ಶತಮಾನಕ್ಕೂ ಹಿಂದೆಯೇ ಬರೆದುಕೊಂಡು ಹೋದರು. ಓದುಬರಹವಿಲ್ಲದ ಒಕ್ಕಲಿಗನೂ ಇಲ್ಲಿ ಹಿಮ್ಮೇಳದ ದನಿಯಲ್ಲಿ ದನಿ ಕೂಡಿಸಬಲ್ಲನು. ಇನ್ನೊಂದು ಕಡೆಗೆ, ಇದೇ ನೆಲದಲ್ಲಿ ಮರಾಠಿ ಸಂಗೀತ ನಾಟಕದ ಜನಕನೂ ಹುಟ್ಟಿದನೆಂಬದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ೧೮೮೦ರಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದು ಮಹಾರಾಷ್ಟ್ರವನ್ನೇ ಮರುಳುಗೊಳಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ೧೮೪೩ರಲ್ಲಿ ಜನಿಸಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ೧೮೮೫ರಲ್ಲಿ ಅವರು ತೀರಿಕೊಂಡದ್ದೂ ಅಲ್ಲಿಯೇ. ಬೆಳಗಾವಿ, ಧಾರವಾಡಗಳ ಪೇಟೆಗಳಲ್ಲಿ ಮರಾಠಿ ಕಂಪನಿಗಳ ಪರದೆಗಳು ಮೇಲೇಳುತ್ತಿದ್ದಾಗ ಕನ್ನಡಿಗರು ಪರಭಾಷೆಯ ಪದಗಳಿಗೆ ತಲೆದೂಗುತ್ತ ಕೂತಿರುತ್ತಿದ್ದರು. ಈ ಹೀನಸ್ಥಿತಿಯನ್ನು ಕಂಡು ಮನನೊಂದು ೧೮೭೦ರ ದಶಕದಲ್ಲಿ ಗದಗಿನಲ್ಲಿ ಕನ್ನಡ ಮಂಡಳಿಯನ್ನು ಕಟ್ಟಿದವರು ಶಾಂತಕವಿಗಳು. ಅವರ ತರುವಾಯ ಗರೂಡ ಸದಾಶಿವರಾಯರು, ವಾಮನರಾವ ಮಾಸ್ತರರು ಮೊದಲಾದವರು ಹಾಕಿದ ಹಾದಿಯಲ್ಲಿಯೇ ಏಣಗಿಯ ಬಡ ಹುಡುಗನು ಬಣ್ಣದ ಪೆಟ್ಟಿಗೆಯ ಹಿಂದೆ ನಡೆದನು.

ಆ ಕಾಲದಲ್ಲಿ ಕಂಪನಿಯನ್ನು ಸೇರಿದ ಹುಡುಗನಿಗೆ ಮೊದಲು ದೊರೆಯುತ್ತಿದ್ದದ್ದು ಸೀರೆ. ಕುಲೀನ ಸ್ತ್ರೀಯರು ರಂಗವನ್ನೇರುವದು ಕನಸಿನ ಮಾತು. ಆದುದರಿಂದ ಕಂಠ ಮಧುರವಾಗಿರುವ, ಮೀಸೆ ಮೂಡದಿರುವ ಹುಡುಗರೇ ಸೀತೆ, ದ್ರೌಪದಿ, ಶಕುಂತಲೆಯರಾಗಬೇಕು. ಬಾಳಪ್ಪನವರು ಮೊದಲು ಹೆಸರು ಪಡೆದದ್ದು ಇಂಥ ಸ್ತ್ರೀಪಾತ್ರಗಳಿಂದಲೇ. ಇದನ್ನು ಈಗಿನ ಕೆಲವರು ನಗೆಯ ವಿಷಯವೆಂದು ಭಾವಿಸುವರು. ಹಾಗಲ್ಲ. ಹೆಜ್ಜೆಯಿಡುವ ಬಗೆ, ಸೆರಗು ಹಿಡಿಯುವ ಬಗೆ, ಕಣ್ಣೆತ್ತಿ ಇಳಿಸುವ ಬಗೆ, ದುಃಖದಲ್ಲಿ ಸ್ವರವನ್ನು ಒಡೆಯದೆ ಕುಗ್ಗಿಸುವ ಬಗೆ—ಇವೆಲ್ಲವನ್ನೂ ತನ್ನದಲ್ಲದ ದೇಹದಿಂದ ಕಲಿತವನು ಮುಂದೆ ಯಾವ ಪಾತ್ರಕ್ಕೂ ಅಂಜಬೇಕಾಗಿಲ್ಲ. ತಾನು ತಾನಲ್ಲವೆಂಬದನ್ನು ಮೊದಲ ದಿನವೇ ಕಲಿಸುವ ಪಾಠಶಾಲೆಯದು. ಪುಟ್ಟರಾಜ ಗವಾಯಿಗಳಂಥ ಪೂಜ್ಯರೂ ಸ್ತ್ರೀವೇಷ ಧರಿಸಿ ರಂಗದ ಮೇಲೆ ಹಾಡಿದವರೇ ಅಲ್ಲವೆ? ಆದರೆ ಸಮಾಜದ ನಡತೆಯನ್ನು ನೋಡಿರಿ: ರಾತ್ರಿ ಈ ಹುಡುಗರಿಗೆ ‘ವನ್ಸ್ ಮೋರ್’ ಕೂಗಿದ ಗೃಹಸ್ಥರು ಹಗಲು ಅವರಿಗೆ ಬಾಡಿಗೆಗೆ ಮನೆ ಕೊಡಲಿಕ್ಕೆ ಹಿಂದೆಮುಂದೆ ನೋಡುತ್ತಿದ್ದರು.

ಪ್ರಾಯ ಬಂದ ಮೇಲೆ ಸ್ತ್ರೀಪಾತ್ರದ ನಟನ ಗತಿಯೇನು? ಬಹುಮಂದಿ ಅಲ್ಲಿಗೇ ಮುಗಿದುಹೋದರು. ಕಂಠ ಒಡೆದ ದಿನವೇ ಅವರ ಕಲೆಯ ಆಯುಷ್ಯವೂ ತೀರಿತು. ಬಾಳಪ್ಪನವರು ಅಲ್ಲಿಂದಲೇ ಎರಡನೆಯ ಜನ್ಮವನ್ನೆತ್ತಿದರು. ನಾಯಕರಾದರು, ಗಾಯಕರಾದರು, ನಿರ್ದೇಶಕರಾದರು; ೧೯೪೭ರಲ್ಲಿ ‘ಕಲಾವೈಭವ ನಾಟ್ಯ ಸಂಘ’ವನ್ನು ಕಟ್ಟಿ ಮಾಲಕರೂ ಆದರು. ದೇಶ ಸ್ವತಂತ್ರವಾದ ವರ್ಷದಲ್ಲಿ ಹುಟ್ಟಿದ ಈ ಸಂಸ್ಥೆ ದಶಕಗಳ ಕಾಲ ಕರ್ನಾಟಕದ ಊರುಗಳನ್ನು ಸುತ್ತಿತು. ಕಂಪನಿಯ ಮಾಲಕನಾಗುವದೆಂದರೇನೆಂಬದು ಕಚೇರಿಯಲ್ಲಿ ತಿಂಗಳ ಸಂಬಳ ಎಣಿಸಿಕೊಳ್ಳುವ ನಮ್ಮಂಥವರಿಗೆ ಊಹಿಸಲಿಕ್ಕೂ ಕಠಿಣ. ನಟನಟಿಯರು, ಪೇಟಿಯವರು, ತಬಲೆಯವರು, ಪರದೆ ಬರೆಯುವವರು, ಅಡಿಗೆಯವರು, ಅವರ ಹೆಂಡಿರು ಮಕ್ಕಳು—ಒಂದು ಸಣ್ಣ ಹಳ್ಳಿಯೇ ಹೆಗಲ ಮೇಲೆ. ಮಳೆ ಹಿಡಿದರೆ ನಾಟಕ ನಿಲ್ಲುವದು. ಬೆಳೆ ಕೆಟ್ಟರೆ ಪ್ರೇಕ್ಷಕ ಬರುವದಿಲ್ಲ. ಹತ್ತಿರದಲ್ಲಿ ಹೊಸ ಸಿನೇಮಾ ಬಂದರೆ ಮುಂದಿನ ಸಾಲಿನ ಖುರ್ಚಿಗಳೆಲ್ಲ ಖಾಲಿ. ಹೀಗಿದ್ದರೂ ರಾತ್ರಿ ಬಣ್ಣ ಹಚ್ಚಿ ನಿಂತಾಗ ಸಾಲಗಾರನ ಮುಖ ಪ್ರೇಕ್ಷಕನಿಗೆ ಕಾಣಕೂಡದು. ಬಾಳಪ್ಪನವರ ಬಹುಮುಖ ಪ್ರತಿಭೆಯ ಲೆಕ್ಕದಲ್ಲಿ ಈ ಕಾಣದ ಪಾತ್ರವನ್ನೂ ನಾವು ಜಮೆ ಹಿಡಿಯುತ್ತೇವೆ. ಅವರ ಸಂಘದಲ್ಲಿ ಶ್ರೀಮತಿ ಲಕ್ಷ್ಮೀಬಾಯಿ ಏಣಗಿಯವರು ಅವರ ಸರಿಜೋಡಿಯಾಗಿ ರಂಗದ ಮೇಲೆ ನಿಂತರು. ಒಂದು ಕಾಲಕ್ಕೆ ತಾನೇ ಸೀರೆಯುಟ್ಟು ನಟಿಸಿದವನ ಎದುರಿಗೆ ಈಗ ಸ್ವತಃ ಸ್ತ್ರೀಯೇ ಬಂದು ನಿಂತಳು! ಒಬ್ಬ ನಟನ ಜೀವಿತದೊಳಗೇ ರಂಗಭೂಮಿಯ ಒಂದು ಯುಗ ಕಳೆದು ಇನ್ನೊಂದು ಬಂದಂತಾಯಿತು.

ಆದರೆ ಬಾಳಪ್ಪನವರ ಹೆಸರನ್ನು ಮನೆಮಾತಾಗಿಸಿದ ಪಾತ್ರ ಯಾವದೆಂದು ಕೇಳಿದರೆ ಉತ್ತರ ಒಂದೇ: ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣ. ಇಲ್ಲಿ ತುಸು ತಡೆದು ಆಲೋಚಿಸುವದು ಯೋಗ್ಯ. ವಚನಗಳು ಮಠಗಳ ತಾಡೋಲೆಗಳಲ್ಲಿ ಮಲಗಿದ್ದವು. ಫ. ಗು. ಹಳಕಟ್ಟಿಯವರು ಮನೆಮಾರು ಲೆಕ್ಕಿಸದೆ ದುಡಿದು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಓಲೆಯಿಂದ ಪುಸ್ತಕಕ್ಕೆ ವಚನಗಳು ಬಂದವು. ಆದರೆ ಪುಸ್ತಕವನ್ನು ಓದಬಲ್ಲವರು ಆಗ ಎಷ್ಟು ಜನ? ಪುಸ್ತಕದಿಂದ ನಿರಕ್ಷರಿಯ ಕಿವಿಗೆ ಅವನ್ನು ಮುಟ್ಟಿಸಿದವರಲ್ಲಿ ಕಂಪನಿಯ ನಟನಿಗೂ ದೊಡ್ಡ ಪಾಲು ಇದೆ. ಬಾಳಪ್ಪನವರು ರಂಗದ ಮೇಲೆ ವಚನವನ್ನು ಹಾಡತೊಡಗಿದರೆ ಎತ್ತಿನ ಬಂಡಿ ಕಟ್ಟಿಕೊಂಡು ಹತ್ತಾರು ಹರಿದಾರಿಯಿಂದ ಬಂದ ರೈತನಿಗೆ ಅದು ನಾಟಕವಾಗಿ ಉಳಿಯುತ್ತಿರಲಿಲ್ಲ. ಪ್ರೇಕ್ಷಕರು ಪಾತ್ರಧಾರಿಯ ಪಾದಕ್ಕೆ ಹಣೆ ಹಚ್ಚುತ್ತಿದ್ದರೆಂದು ನೋಡಿದ ಹಿರಿಯರು ಇಂದಿಗೂ ಹೇಳುವರು. ವಿದ್ವಾಂಸರು ಪೀಠದಿಂದ ಮಾಡಲಾರದ ಕೆಲಸವನ್ನು ಒಬ್ಬ ನಟನು ಸೀಮೆಯೆಣ್ಣೆಯ ಗ್ಯಾಸಬತ್ತಿಯ ಬೆಳಕಿನಲ್ಲಿ ಮಾಡಿದನೆಂಬದನ್ನು ನಾವು ಒಪ್ಪಿಕೊಳ್ಳಲೇಬೇಕು.

ಈಗ ಇದೇ ಜಿಲ್ಲೆಯ ಇನ್ನೊಬ್ಬ ನಟನನ್ನು ನೆನೆಯೋಣ. ಚಿಕ್ಕೋಡಿಯಲ್ಲಿ ೧೮೯೨ರಲ್ಲಿ ಹುಟ್ಟಿದ ವಿಷ್ಣುಪಂತ ಪಾಗನೀಸರು ಮರಾಠಿ ರಂಗದ ಮೇಲೆ ಸ್ತ್ರೀಪಾತ್ರಗಳಿಂದಲೇ ಹೆಸರಾದವರು. ೧೯೩೬ರಲ್ಲಿ ಪ್ರಭಾತ ಕಂಪನಿಯವರು ‘ಸಂತ ತುಕಾರಾಮ’ ಚಿತ್ರವನ್ನು ತೆಗೆದಾಗ ಈ ಸ್ತ್ರೀಪಾತ್ರದ ನಟನೇ ತುಕಾರಾಮನಾದನು. ಮುಂಬಯಿಯಲ್ಲಿ ಚಿತ್ರವು ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು. ೧೯೩೭ರಲ್ಲಿ ಇಟಲಿಯ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಪಾಗನೀಸರನ್ನು ಜನರು ತುಕಾರಾಮನೆಂದೇ ಪೂಜಿಸಿದರು. ಮುಂದೆ ಅವರು ತುಲಸೀದಾಸರಾದರು, ನರಸೀ ಭಗತರಾದರು; ೧೯೪೩ರಲ್ಲಿ ತೀರಿಕೊಂಡರು. ಅವರು ಹೋಗಿ ಎಂಟು ದಶಕಗಳೇ ಕಳೆದವು. ಆದರೂ ಇಂದು ಮನೆಯಲ್ಲಿ ಕುಳಿತು ಗುಂಡಿಯೊತ್ತಿದರೆ ಪಾಗನೀಸರು ತಾಳ ಹಿಡಿದು ಹಾಡುವದನ್ನು ಕಾಣಬಹುದು, ಕೇಳಬಹುದು. ಸ್ತ್ರೀಪಾತ್ರದಿಂದ ಸಂತಪಾತ್ರಕ್ಕೆ, ಸಂತಪಾತ್ರದಿಂದ ಜನರ ಪೂಜೆಗೆ—ಚಿಕ್ಕೋಡಿಯವರ ಹಾದಿಯೂ ಏಣಗಿಯವರ ಹಾದಿಯೂ ಒಂದೇ. ಒಬ್ಬರ ತುಕಾರಾಮನು ಜಗತ್ತಿನ ಸೊತ್ತಾದನು. ಇನ್ನೊಬ್ಬರ ಬಸವಣ್ಣನು ನೋಡಿದವರ ನೆನಪಿನಲ್ಲಿ ಉಳಿದು, ಆ ನೋಡಿದವರು ಒಬ್ಬೊಬ್ಬರಾಗಿ ಮಣ್ಣು ಸೇರುತ್ತಿರುವಾಗ ತಾನೂ ಮಸುಕಾಗುತ್ತಿದ್ದಾನೆ.

ಇದು ಪ್ರತಿಭೆಯ ತಾರತಮ್ಯದಿಂದ ಆದದ್ದಲ್ಲ; ಭೂಗೋಲದಿಂದ ಆದದ್ದು, ಮತ್ತು ಒಡೆದ ನಾಡಿನ ದೌರ್ಭಾಗ್ಯದಿಂದ ಆದದ್ದು. ಮೈಸೂರು ಸೀಮೆಯ ಕಂಪನಿಗಳಿಗೆ ಮದರಾಸಿನ ಸ್ಟುಡಿಯೋಗಳು ಕೈಗೆಟುಕುವಂತಿದ್ದವು. ಗುಬ್ಬಿ ಕಂಪನಿಯ ರಂಗದಿಂದ ಎದ್ದು ಮುತ್ತುರಾಜನು ೧೯೫೪ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರನಾದನು, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಮುಂತಾದವರು ಕಂಪನಿಯಿಂದಲೇ ಬಂದು ಕನ್ನಡ ಚಿತ್ರಕ್ಕೆ ನಾಲಿಗೆಯನ್ನು ಕೊಟ್ಟರು. ನಮ್ಮ ಭಾಗದ ನಟನಿಗೆ ಸಮೀಪವಿದ್ದವು ಕೊಲ್ಹಾಪುರ, ಪುಣೆ, ಮುಂಬಯಿಗಳು. ಅಲ್ಲಿಯ ಭಾಷೆ ಮರಾಠಿ ಇಲ್ಲವೆ ಹಿಂದಿ. ಬೀಳಗಿಯ ಅಮೀರಬಾಯಿಯವರು ‘ಕರ್ನಾಟಕೀ’ ಎಂದು ಹೆಸರಿನಲ್ಲಿ ನಾಡನ್ನು ಹೊತ್ತುಕೊಂಡೇ ಹಿಂದಿ ಚಿತ್ರಗಳಲ್ಲಿ ಹಾಡಿ ದೇಶಕ್ಕೆಲ್ಲ ಪರಿಚಿತರಾದರು. ಪಾಗನೀಸರು ಮರಾಠಿಯಲ್ಲಿ ಅಮರರಾದರು. ಕನ್ನಡದಲ್ಲಿಯೇ ನಿಲ್ಲುತ್ತೇನೆಂದವನಿಗೆ ಬೆಳ್ಳಿತೆರೆಯ ಬಾಗಿಲು ದೂರವೇ ಉಳಿಯಿತು. ವಿಚಿತ್ರವೆಂದರೆ, ೧೯೩೪ರ ಮಾರ್ಚಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದು ಬೆಳಗಾವಿಯ ನೆರೆಯ ಕೊಲ್ಹಾಪುರದಲ್ಲಿಯೇ. ಆದರೆ ಅದರ ಮುಖ್ಯ ನಟರಾದ ಸುಬ್ಬಯ್ಯನಾಯಿಡು, ನಾಗೇಂದ್ರರಾಯರು ಬಂದದ್ದು ದೂರದ ಮೈಸೂರು ಸೀಮೆಯಿಂದ! ೧೯೫೯ರಲ್ಲಿ ‘ಜಗಜ್ಯೋತಿ ಬಸವೇಶ್ವರ’ ಎಂಬ ಹೆಸರಿನ ಚಿತ್ರವೂ ಬಂದಿತು. ಅಲ್ಲಿ ಬಸವಣ್ಣನಾದವರು ಹೊನ್ನಪ್ಪ ಭಾಗವತರು, ಬಿಜ್ಜಳನಾದವರು ರಾಜಕುಮಾರರು. ಇಬ್ಬರೂ ದೊಡ್ಡ ಕಲಾವಿದರು. ಅವರ ಮೇಲೆ ನಮಗೆ ಯಾವ ಆಕ್ಷೇಪವೂ ಇಲ್ಲ. ಬಸವಣ್ಣನು ನಡೆದಾಡಿದ ನೆಲದ ಭಾಷೆಯಲ್ಲಿ, ಅದೇ ನೆಲದ ಜನರೆದುರು ರಾತ್ರಿರಾತ್ರಿ ಆ ಪಾತ್ರವನ್ನು ಅರೆದು ತೇದವನ ಸ್ವರ ಮಾತ್ರ ಆ ಚಿತ್ರದಲ್ಲಿ ಇಲ್ಲವಲ್ಲಾ ಎಂಬ ಕೊರಗು ಹೋಗದು.

ಇಲ್ಲಿ ಒಂದು ಮಾತನ್ನು ಓದುಗರು ಲಕ್ಷ್ಯದಲ್ಲಿಡಬೇಕು. ಚಿತ್ರವಾದ ಮಾತ್ರಕ್ಕೆ ಕಲೆ ಚಿರಂಜೀವಿಯೆಂದೂ ತಿಳಿಯಬೇಕಾಗಿಲ್ಲ. ಈಗ ಹೇಳಿದ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡವು ತೆರೆಯ ಮೇಲೆ ಮೊದಲು ಆಡಿದ ಮಾತನ್ನೇ ನಾವು ಕಳೆದುಕೊಂಡೆವು. ‘ತುಕಾರಾಮ’ ಉಳಿದದ್ದು ಅದನ್ನು ಕಾಪಾಡುವ ಕಾಳಜಿ ಯಾರಿಗೋ ಇದ್ದುದರಿಂದ. ೧೯೬೪ರಲ್ಲಿ ಪುಣೆಯಲ್ಲಿ ಹಳೆಯ ಚಿತ್ರಗಳ ರಾಷ್ಟ್ರೀಯ ಸಂಗ್ರಹಾಲಯವೇ ಹುಟ್ಟಿಕೊಂಡಿತು. ರಂಗಕ್ಕೆ ಅಂಥದೇ ಕಾಳಜಿ ಬೇಕೆಂದು ಯಾರಾದರೂ ಹೊತ್ತಿನಲ್ಲಿ ಯೋಚಿಸಿದ್ದರೆ, ನೂರು ವರ್ಷ ದಾಟಿ ಬಾಳಿದ ನಟನ ಹತ್ತಿರ ಕುಳಿತು ಕೇಳಲಿಕ್ಕೆ ಸಮಯದ ಅಭಾವವೇನೂ ಇರಲಿಲ್ಲ.

‘ಬಾಳಪ್ಪನವರಿಗೆ ಸನ್ಮಾನಗಳು ಕಡಿಮೆಯಾದವೇನು?’ ಎಂದು ಕೇಳುವವರಿದ್ದಾರೆ. ಕಡಿಮೆಯಾಗಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿ ಬಂದಿತು. ಸರಕಾರದ ಗುಬ್ಬಿ ವೀರಣ್ಣ ಪ್ರಶಸ್ತಿ ಬಂದಿತು. ಶಾಲುಗಳು ಬಂದವು, ಹಾರಗಳು ಬಂದವು. ಮುಪ್ಪಿನ ನಟನನ್ನು ವೇದಿಕೆಗೆ ಕರೆದು ಕುಳ್ಳಿರಿಸುವದರಲ್ಲಿ ನಾವು ಕನ್ನಡಿಗರು ಯಾರಿಗೂ ಹಿಂದಲ್ಲ. ಆದರೆ ಶಾಲು ಹೊದಿಸಿದ್ದು ವ್ಯಕ್ತಿಗೆ. ಅವರ ಸಂಗಡ ಬಂದ ವಿದ್ಯೆಗೆ—ಆ ರಂಗಗೀತೆಗಳ ಮಟ್ಟುಗಳಿಗೆ, ಪಾತ್ರ ಪ್ರವೇಶದ ಕ್ರಮಗಳಿಗೆ, ಧ್ವನಿವರ್ಧಕವಿಲ್ಲದೆ ಕೊನೆಯ ಸಾಲಿನವನ ಕಿವಿಗೂ ಪಿಸುಮಾತನ್ನು ಮುಟ್ಟಿಸುವ ಕಂಠಸಾಧನೆಗೆ—ನಾವು ಹೊದಿಸಿದ್ದೇನು? ಅವರ ಮಗ ನಟರಾಜ ಏಣಗಿಯವರು ರಂಗದ ಮೇಲೂ ತೆರೆಯ ಮೇಲೂ ನಟಿಸಿ ತಂದೆಯ ವಿದ್ಯೆಯನ್ನು ಹೊಸ ಕಾಲಕ್ಕೆ ದಾಟಿಸುವ ಭರವಸೆ ತಂದಿದ್ದರು. ತಂದೆ ಬದುಕಿರುವಾಗಲೇ, ೨೦೧೨ರಲ್ಲಿ, ಅವರು ಕಾಲವಾದರು. ಆ ಮುದಿಜೀವ ಅದನ್ನೂ ನುಂಗಿಕೊಂಡು ಐದು ವರ್ಷ ಬಾಳಿತು.

ಇನ್ನೊಂದು ಆಕ್ಷೇಪವನ್ನು ವಿದ್ಯಾವಂತರು ಹೇಳುವರು: ಕಂಪನಿ ನಾಟಕಗಳು ಕೀಳು ಅಭಿರುಚಿಯವು, ದ್ವಂದ್ವಾರ್ಥದ ಮಾತುಗಳಿಂದ ತುಂಬಿದವು, ಸಂಸಾರಸ್ಥರು ಕುಳಿತು ನೋಡತಕ್ಕವಲ್ಲ. ಈಚಿನ ಕೆಲವು ಕಂಪನಿಗಳ ಮಟ್ಟಿಗೆ ಈ ದೂರನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಆ ಸ್ಥಿತಿಗೆ ಅವನ್ನು ನೂಕಿದವರಾರು? ವಿದ್ಯಾವಂತರು ನಾಟಕಗೃಹವನ್ನು ಬಿಟ್ಟು ಸಿನೇಮಾಕ್ಕೆ ಹೋದರು, ಆ ಮೇಲೆ ಮನೆಯ ಪೆಟ್ಟಿಗೆಯೆದುರು ಕುಳಿತರು. ಉಳಿದ ನಾಲ್ಕು ಕಾಸಿನ ಪ್ರೇಕ್ಷಕನನ್ನು ಹಿಡಿದಿಡಲಿಕ್ಕೆ ಹಸಿದ ಮಾಲಕನು ಹಾಸ್ಯದ ಹೆಸರಿನಲ್ಲಿ ಹೊಲಸನ್ನು ಬಡಿಸಿದನು. ಬಸವಣ್ಣನ ನಾಟಕಕ್ಕೆ ಜನ ಮುಗಿಬಿದ್ದ ಊರುಗಳು ಇವೇ. ಆ ಜನರ ಮೊಮ್ಮಕ್ಕಳೇ ಇಂದಿನವರು. ರುಚಿ ಕೆಟ್ಟಿದೆಯೆಂದು ಹಣೆ ಬಡಿದುಕೊಳ್ಳುವವರು ಮೊದಲು ಒಂದು ಟಿಕೀಟು ಕೊಳ್ಳಲಿ.

ಬೆಳಗಾವಿ ಜಿಲ್ಲೆಯ ಅಧಿಕಾರಿವರ್ಗಕ್ಕೂ ನಮ್ಮ ಪ್ರತಿನಿಧಿಗಳಿಗೂ ನಾವು ನೇರವಾಗಿ ಕೇಳಿಕೊಳ್ಳಬೇಕಾದದ್ದು ಇಷ್ಟು. ಜನವರಿಯಲ್ಲಿ ಸಂಗೊಳ್ಳಿಯಲ್ಲಿ, ಅಕ್ಟೋಬರದಲ್ಲಿ ಕಿತ್ತೂರಿನಲ್ಲಿ ಸರಕಾರವು ಉತ್ಸವಗಳನ್ನು ನಡೆಸುತ್ತದೆ. ಇದು ಸ್ತುತ್ಯವಾದ ಕಾರ್ಯ. ಆದರೆ ಇಂಥ ಉತ್ಸವಗಳ ರಾತ್ರಿಯ ಮಾನದ ಹೊತ್ತು ಚಿತ್ರಗೀತೆಗಳ ಗಾಯಕರಿಗೆ ಮೀಸಲಾಗಿ, ಊರ ಕಲಾವಿದನು ಮಧ್ಯಾಹ್ನದ ಬಿಸಿಲಿನಲ್ಲಿ ಖಾಲಿ ಖುರ್ಚಿಗಳೆದುರು ಹಾಡುವಂತಾಗಬಾರದು. ಚೆನ್ನಮ್ಮನೂ ರಾಯಣ್ಣನೂ ಜನರ ಎದೆಯಲ್ಲಿ ನೆಲೆಯೂರಿದ್ದು ಲಾವಣಿಯಿಂದ ಮತ್ತು ಆಟದಿಂದ. ೧೯೬೧ರಲ್ಲಿ ಪಂತುಲು ಅವರು ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ತೆಗೆದಾಗ ಆ ಕಥೆ ನಮ್ಮ ಜನರ ಬಾಯಲ್ಲಿ ಅದಾಗಲೇ ಹಣ್ಣಾಗಿತ್ತು. ಆ ಋಣವನ್ನು ತೀರಿಸಲಿಕ್ಕೆ ಉತ್ಸವದ ಒಂದು ಪೂರ್ಣ ರಾತ್ರಿಯನ್ನು ಕಂಪನಿ ನಾಟಕಕ್ಕೂ ಇನ್ನೊಂದನ್ನು ಸಣ್ಣಾಟಕ್ಕೂ ಬಿಟ್ಟುಕೊಡುವದು ದೊಡ್ಡ ತ್ಯಾಗವಾಗದು.

ಎರಡನೆಯದಾಗಿ, ಕಂಪನಿಗಳಲ್ಲಿ ನಾಟಕಗಳು ಅಚ್ಚಾಗುತ್ತಿದ್ದದ್ದು ವಿರಳ. ಕೈಬರಹದ ಪುಸ್ತಕಗಳು ಮಾಲಕನ ಟ್ರಂಕಿನಲ್ಲಿ ಇರುತ್ತಿದ್ದವು. ಮಾಲಕನು ತೀರಿದ ಬಳಿಕ ಆ ಟ್ರಂಕು ಗೆದ್ದಲಿನ ಪಾಲು. ಸವದತ್ತಿ, ಬೈಲಹೊಂಗಲ, ಗೋಕಾಕ, ರಾಮದುರ್ಗಗಳ ಮನೆಗಳಲ್ಲಿ ಇನ್ನೂ ಇಂಥ ಟ್ರಂಕುಗಳಿವೆ. ಹಳೆಯ ಪೇಟಿ ಮಾಸ್ತರರು, ಹಳೆಯ ನಟಿಯರು ಇನ್ನೂ ಅಲ್ಲಲ್ಲಿ ಜೀವಿಸಿದ್ದಾರೆ. ಧಾರವಾಡದ ರಂಗಾಯಣವೂ ಬೆಳಗಾವಿಯ ವಿಶ್ವವಿದ್ಯಾಲಯವೂ ನಾಲ್ವರು ತರುಣರನ್ನು ಒಂದು ವರ್ಷದ ಮಟ್ಟಿಗೆ ಊರೂರಿಗೆ ಕಳಿಸಿದರೆ ಪುಸ್ತಕಗಳ ನಕಲನ್ನೂ ಮಟ್ಟುಗಳ ಧ್ವನಿಮುದ್ರಣವನ್ನೂ ತರಬಲ್ಲರು. ಅಂಗೈಯೊಳಗಿನ ಯಂತ್ರದಲ್ಲಿಯೇ ಚಿತ್ರವನ್ನೂ ಸ್ವರವನ್ನೂ ಹಿಡಿಯುವ ಕಾಲವಿದು. ಹಣದ ನೆವವನ್ನು ಯಾರೂ ಹೇಳಕೂಡದು.

ಮೂರನೆಯ ವಿಷಯ ಚಿಕ್ಕದು, ಆದರೆ ಬಹಳ ತೊಂದರೆಯದು: ನಾಟಕ ಹಾಕಲಿಕ್ಕೆ ಜಾಗ. ಪಟ್ಟಣಗಳಲ್ಲಿ ಬಯಲುಗಳೇ ಉಳಿದಿಲ್ಲ. ಉಳಿದವಕ್ಕೆ ಬಾಡಿಗೆ, ಠೇವು, ವಿದ್ಯುತ್ತು, ಪೋಲೀಸ ಪರವಾನಿಗೆ ಎಂದು ಕಂಪನಿಯ ಮ್ಯಾನೇಜರನು ಕಚೇರಿಯಿಂದ ಕಚೇರಿಗೆ ತಿರುಗಬೇಕು. ಪುರಸಭೆಗಳು ವರ್ಷಕ್ಕೆ ಎರಡು ತಿಂಗಳು ಒಂದು ಬಯಲನ್ನು ಅಲ್ಪ ಬಾಡಿಗೆಗೆ ನಾಟಕಕ್ಕೆಂದೇ ಇಟ್ಟರೆ ಸಾಕು. ಲಕ್ಷಗಟ್ಟಲೆ ಸುರಿದು ಕಟ್ಟಿಸಿ ಬೀಗ ಹಾಕಿಟ್ಟ ರಂಗಮಂದಿರಕ್ಕಿಂತ ಕಂಪನಿಗಳಿಗೆ ಅದು ಹೆಚ್ಚು ಉಪಕಾರವಾದೀತು.

ಬಾದಾಮಿಯ ಬನಶಂಕರಿ ಜಾತ್ರೆಗೆ ಇಂದಿಗೂ ಕಂಪನಿಗಳು ಬಂದು ವಾರಗಟ್ಟಲೆ ಮೊಕ್ಕಾಂ ಹೂಡುತ್ತವೆ. ಬೆಳಗಿನ ಜಾವದ ತನಕ ಪೇಟಿಯ ಸ್ವರ ನಿಲ್ಲುವದಿಲ್ಲ. ಆ ಜಾತ್ರೆ ಬರುವದು ಬನದ ಹುಣ್ಣಿಮೆಗೆ, ಬಹುತೇಕ ಸಂಗೊಳ್ಳಿಯ ಉತ್ಸವದ ಆಸುಪಾಸಿಗೇ. ಅಲ್ಲಿಯ ಒಂದು ಕಂಪನಿಯನ್ನು ಪರದೆ, ಪೇಟಿ, ಬಣ್ಣದ ಪೆಟ್ಟಿಗೆಗಳ ಸಮೇತ ಸಂಗೊಳ್ಳಿಗೆ ಕರೆತರಲಿಕ್ಕೆ ಬೇಕಾದದ್ದು ಎರಡು ಲಾರಿಗಳು ಮತ್ತು ಜಿಲ್ಲಾಧಿಕಾರಿಗಳ ಕಚೇರಿಯಿಂದ ಹೊತ್ತಿಗೆ ಸರಿಯಾಗಿ ಹೊರಡುವ ಒಂದು ಪತ್ರ. ಮುಂದಿನ ಉತ್ಸವದ ಸಿದ್ಧತೆಯ ಸಭೆ ಸೇರುವಾಗ ಈ ಪತ್ರದ ಕರಡನ್ನು ಯಾರಾದರೂ ಮೇಜಿನ ಮೇಲಿಡುವರೆಂದು ನಾವು ನಿರೀಕ್ಷಿಸುತ್ತೇವೆ.